ಅದಿರು ಯಾರದ್ದು ಎಂದಲ್ಲ, ಅದನ್ನು ಶುದ್ಧ ಮಾಡುವವರು ಯಾರು ಎಂದು ಕೇಳಿ

ಬ್ಯಾಟರಿ, ಮೋಟಾರ್‌ಗಳಿಗೆ ಬೇಕಾದ ನಿರ್ಣಾಯಕ ಖನಿಜಗಳ ಕುರಿತು ಎರಡು ದೇಶಗಳು ಒಡಂಬಡಿಕೆ ಮಾಡಿಕೊಂಡವು ಎಂಬ ಸುದ್ದಿ ಈಗೀಗ ಪದೇ ಪದೇ ಬರುತ್ತಿದೆ. ನಿಕ್ಷೇಪ ಎಷ್ಟು ಲಕ್ಷ ಟನ್, ಹೂಡಿಕೆ ಎಷ್ಟು ಕೋಟಿ ಡಾಲರ್ ಎಂಬುದೆಲ್ಲ ಅದರಲ್ಲಿರುತ್ತದೆ. ಅಗೆದ ಕಲ್ಲನ್ನು ಬ್ಯಾಟರಿ ಕಾರ್ಖಾನೆ ಒಪ್ಪುವಂಥ ಪುಡಿಯಾಗಿ ಮಾಡುವವರು ಯಾರು, ಎಲ್ಲಿ, ಯಾವ ದರಕ್ಕೆ ಎಂಬ ಮಾತು ಮಾತ್ರ ಬಹುಪಾಲು ಇರುವುದಿಲ್ಲ. ಆ ಒಂದು ಸಾಲು ಇಲ್ಲದ ಒಪ್ಪಂದದಿಂದ ಒಂದು ಟನ್ನೂ ಅಲುಗಾಡುವುದಿಲ್ಲ.

ಲಿಥಿಯಂ, ಕೋಬಾಲ್ಟ್, ನಿಕ್ಕೆಲ್, ಗ್ರಾಫೈಟ್, ರೇರ್ ಅರ್ಥ್ ಎಂದು ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆ. ಆದರೆ ಒಂದೊಂದರ ರಸಾಯನ ಬೇರೆ. ಹಾಗಾಗಿ ಒಂದೊಂದರ ರಾಜಕೀಯವೂ ಬೇರೆ.

ಲಿಥಿಯಂನಿಂದಲೇ ಶುರುಮಾಡೋಣ. ಪಶ್ಚಿಮ ಆಸ್ಟ್ರೇಲಿಯಾದ ಗ್ರೀನ್‌ಬುಶಸ್‌ನಂಥ ಗಣಿಯಲ್ಲಿ ಸಿಗುವುದು ಸ್ಪೋಡುಮೀನ್ ಎಂಬ ಗಟ್ಟಿ ಖನಿಜ. ಅದಿರನ್ನು ಅರೆದು, ಬೇಡದ ಕಲ್ಲನ್ನು ಬೇರ್ಪಡಿಸಿದರೆ ಸುಮಾರು ಶೇ 6ರಷ್ಟು ಲಿಥಿಯಂ ಆಕ್ಸೈಡ್ ಇರುವ ಕಾನ್ಸಂಟ್ರೇಟ್ ಬರುತ್ತದೆ. ಹಡಗು ಹತ್ತುವುದು ಇದು. ಈ ಪುಡಿ ಹಾಗೇ ಇದ್ದರೆ ಆಮ್ಲಕ್ಕೆ ಜಗ್ಗುವುದಿಲ್ಲ. ತಿರುಗುವ ಉದ್ದನೆಯ ಕುಲುಮೆಯಲ್ಲಿ 1,050 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾಯಿಸಿದಾಗ ಹರಳಿನ ಕಟ್ಟು ಸಡಿಲಾಗಿ, ಉಬ್ಬಿ, ಬಿರಿಯುತ್ತದೆ. ಆಮೇಲೆ ಗಂಧಕಾಮ್ಲ ಬೆರೆಸಿ ಸುಮಾರು 250 ಡಿಗ್ರಿಯಲ್ಲಿ ಇನ್ನೊಮ್ಮೆ ಹುರಿಯಬೇಕು, ನೀರಿನಲ್ಲಿ ಕರಗಿಸಬೇಕು. ಕಬ್ಬಿಣ, ಅಲ್ಯೂಮಿನಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂಗಳನ್ನು ತೆಗೆದು, ಕೊನೆಗೆ ಸೋಡಾ ಆಶ್ ಹಾಕಿ ಲಿಥಿಯಂ ಕಾರ್ಬೊನೇಟನ್ನು ಕೆಳಗಿಳಿಸಬೇಕು. ಒಂದು ಟನ್ ಕಾರ್ಬೊನೇಟಿಗೆ ಸುಮಾರು 8 ಟನ್ ಕಾನ್ಸಂಟ್ರೇಟ್ ಬೇಕು. ಉಳಿದದ್ದೆಲ್ಲ ಕಸ, ಅದಕ್ಕೂ ಜಾಗ ಬೇಕು.

ಕೆಡುವುದು ಎಲ್ಲಿ? ಕುಲುಮೆಯಲ್ಲೇ. ಶಾಖ ಕಡಿಮೆಯಾದರೆ ಒಂದಷ್ಟು ಸ್ಪೋಡುಮೀನ್ ಮಾರ್ಪಾಡಾಗದೆ ಉಳಿದು, ಅದರಲ್ಲಿರುವ ಲಿಥಿಯಂ ನೇರ ಕಸದ ರಾಶಿಗೆ ಹೋಗುತ್ತದೆ. ಶಾಖ ಹೆಚ್ಚಾದರೆ ಜೊತೆಗಿರುವ ಅಭ್ರಕ, ಫೆಲ್ಡ್‌ಸ್ಪಾರ್ ಕರಗಿ, ಪುಡಿ ಗಾಜಿನಂತೆ ಅಂಟಿಕೊಂಡು ಕುಲುಮೆಯ ಒಳಗೋಡೆಗೆ ಬಳೆ ಕಟ್ಟುತ್ತದೆ. ಆಗ ಕುಲುಮೆ ನಿಲ್ಲಿಸಿ, ತಣಿಸಿ, ಒಡೆದು ತೆಗೆಯಬೇಕು. ಬೇರೆ ಗಣಿಯ ಕಾನ್ಸಂಟ್ರೇಟ್ ಬಂದರೆ ಅದರ ಕಬ್ಬಿಣ, ಅಭ್ರಕದ ಪ್ರಮಾಣವೇ ಬೇರೆ. ಹಳೆಯ ಸೆಟ್ಟಿಂಗ್ ಆಗ ಕೆಲಸಕ್ಕೆ ಬಾರದು. ಬ್ಯಾಟರಿ ದರ್ಜೆ ಎಂದರೆ ಕನಿಷ್ಠ ಶೇ 99.5 ಶುದ್ಧತೆ. ಶೇ 99ರ ಮಾಲು ಗಾಜಿಗೆ, ಗ್ರೀಸಿಗೆ ನಡೆಯುತ್ತದೆ, ಬ್ಯಾಟರಿಗೆ ನಡೆಯುವುದಿಲ್ಲ. ಗುಣಮಟ್ಟ ಮುಟ್ಟಿದ ಮೇಲೂ ಬ್ಯಾಟರಿ ಕಂಪನಿ ತಿಂಗಳುಗಟ್ಟಲೆ ಮಾದರಿಗಳನ್ನು ಪರೀಕ್ಷಿಸಿಯೇ ಒಪ್ಪುತ್ತದೆ. ಹೊಸ ಘಟಕ ಉದ್ಘಾಟನೆಯಾದ ದಿನಕ್ಕೂ ಅದರ ಮಾಲು ಕಾರಿನೊಳಗೆ ಸೇರುವ ದಿನಕ್ಕೂ ನಡುವೆ ಈ ದೂರವಿದೆ. ಮಂತ್ರಿಗಳ ಭಾಷಣದಲ್ಲಿ ಈ ದೂರವೇ ಕಾಣಿಸುವುದಿಲ್ಲ.

ಲೆಕ್ಕಕ್ಕೆ ಬೇಕೆಂದರೆ, 60 ಕಿಲೋವ್ಯಾಟ್ ಅವರ್ ಬ್ಯಾಟರಿಯ ಒಂದು ಕಾರಿಗೆ ಸುಮಾರು 35 ಕಿಲೋ ಲಿಥಿಯಂ ಕಾರ್ಬೊನೇಟ್, ಅದಕ್ಕಿಂತ ಹೆಚ್ಚು ಗ್ರಾಫೈಟ್ ಬೇಕು. ಗ್ರಾಫೈಟಿನದೂ ಇದೇ ಪಾಡು. ನೈಸರ್ಗಿಕ ಗ್ರಾಫೈಟಿನ ಚಕ್ಕೆಯನ್ನು ಗುಂಡಗೆ ಉರುಟಿಸುವಾಗ ಅರ್ಧದಷ್ಟು ಪುಡಿಯಾಗಿ ಹೊರಬೀಳುತ್ತದೆ. ಕೃತಕ ಗ್ರಾಫೈಟ್ ಮಾಡಲು 3,000 ಡಿಗ್ರಿಯ ಹತ್ತಿರಕ್ಕೆ ಕಾಯಿಸಬೇಕು. ಅಲ್ಲಿ ಗೆಲ್ಲುವುದು ಅಗ್ಗದ ವಿದ್ಯುತ್ ಇದ್ದವರು.

ಆದ್ದರಿಂದಲೇ ನಕಾಶೆ ವಿಚಿತ್ರವಾಗಿದೆ. ಕೋಬಾಲ್ಟಿನ ಸುಮಾರು ಮುಕ್ಕಾಲು ಪಾಲು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ, ನಿಕ್ಕೆಲ್‌ನ ಅರ್ಧಕ್ಕಿಂತ ಹೆಚ್ಚು ಇಂಡೊನೇಷ್ಯಾದಿಂದ, ಗಟ್ಟಿಕಲ್ಲಿನ ಲಿಥಿಯಂನ ದೊಡ್ಡ ಪಾಲು ಆಸ್ಟ್ರೇಲಿಯಾದಿಂದ ಬರುತ್ತದೆ. ಆದರೆ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2025ರ ವರದಿ ಪರಿಶೀಲಿಸಿದ 20 ಆಯಕಟ್ಟಿನ ಖನಿಜಗಳಲ್ಲಿ 19ರ ಶುದ್ಧೀಕರಣದಲ್ಲಿ ಚೀನಾ ಮೊದಲ ಸ್ಥಾನದಲ್ಲಿದೆ, ಸರಾಸರಿ ಪಾಲು ಸುಮಾರು ಶೇ 70. ಇದು ಭೂಗರ್ಭ ಕೊಟ್ಟ ವರವಲ್ಲ. ಆಮ್ಲ, ವಿದ್ಯುತ್, ಬಿಡಿಭಾಗ, ಗ್ರಾಹಕ ಎಲ್ಲವೂ ಒಂದೇ ಕಡೆ ಸಿಗುವಂತೆ ದಶಕಗಳ ಕಾಲ ಕಟ್ಟಿದ್ದರ ಫಲ.

ಈ ನಡುಹಂತದ ಶಕ್ತಿ ಅತಿ ಸ್ಪಷ್ಟವಾಗಿ ಕಾಣುವುದು ರೇರ್ ಅರ್ಥ್ ಲೋಹಗಳಲ್ಲಿ. ಆವರ್ತಕ ಕೋಷ್ಟಕದಲ್ಲಿ ಅಕ್ಕಪಕ್ಕ ಕೂತ ಈ ಲೋಹಗಳು ರಾಸಾಯನಿಕವಾಗಿ ಅವಳಿಗಳಿದ್ದ ಹಾಗೆ, ಒಂದನ್ನು ಹಿಡಿದರೆ ಇನ್ನೊಂದು ಜೊತೆಗೇ ಬರುತ್ತದೆ. ಬೇರ್ಪಡಿಸಲು ಲೋಹಗಳು ಕರಗಿದ ಆಮ್ಲದ ನೀರನ್ನೂ, ಪಿ507ನಂಥ ರಾಸಾಯನಿಕ ಬೆರೆಸಿದ ಸೀಮೆಎಣ್ಣೆಯಂಥ ದ್ರಾವಕವನ್ನೂ ಒಂದು ಪೆಟ್ಟಿಗೆಯಲ್ಲಿ ಕಲಕುತ್ತಾರೆ. ಪಕ್ಕದ ಪೆಟ್ಟಿಗೆಯಲ್ಲಿ ಎಣ್ಣೆ ಮೇಲೆ, ನೀರು ಕೆಳಗೆ ನಿಲ್ಲುತ್ತದೆ. ಎಣ್ಣೆಯ ಮೇಲೆ ತುಸು ಹೆಚ್ಚು ಒಲವಿರುವ ಲೋಹ ಎಣ್ಣೆಗೆ ಹೋಗುತ್ತದೆ. ಆ ‘ತುಸು’ ತೀರಾ ಸಣ್ಣದಾದ್ದರಿಂದ ಇದನ್ನೇ ನೂರಾರು ಪೆಟ್ಟಿಗೆಗಳಲ್ಲಿ ಸಾಲಾಗಿ ಮಾಡಬೇಕು, ಎಣ್ಣೆ ಒಂದು ದಿಕ್ಕಿಗೆ, ನೀರು ಎದುರು ದಿಕ್ಕಿಗೆ ಹರಿಯುತ್ತ. ಸಾಲು ಶುರುಮಾಡಿ ಎರಡೂ ತುದಿಯಲ್ಲಿ ಶುದ್ಧ ಮಾಲು ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಆಮ್ಲತೆ ಸ್ವಲ್ಪ ಏರುಪೇರಾದರೂ, ಒಳಬರುವ ಅದಿರಿನ ಮಿಶ್ರಣ ಬದಲಾದರೂ ಇಡೀ ಸಾಲು ಹದ ತಪ್ಪುತ್ತದೆ. ನೀರಿನಲ್ಲಿ ಸಿಲಿಕಾ ಉಳಿದಿದ್ದರೆ ಎಣ್ಣೆಗೂ ನೀರಿಗೂ ನಡುವೆ ಲೋಳೆಯಂಥ ಪದರ ಕಟ್ಟಿ, ಎರಡೂ ಬೇರೆಯಾಗುವುದೇ ನಿಂತುಬಿಡುತ್ತದೆ. ಇದನ್ನು ಸರಿಮಾಡುವವರು ಪೆಟ್ಟಿಗೆಗಳ ಪಕ್ಕ ವರ್ಷಗಟ್ಟಲೆ ನಿಂತು ಕಲಿತವರು. 2023ರ ಡಿಸೆಂಬರ್‌ನಲ್ಲಿ ಚೀನಾ ರೇರ್ ಅರ್ಥ್ ಬೇರ್ಪಡಿಸುವ ತಂತ್ರಜ್ಞಾನದ ರಫ್ತನ್ನೇ ನಿಷೇಧಿಸಿತು. ಅದಿರಿಗಿಂತ ಈ ಕೈಚಳಕ ಅಪರೂಪದ್ದು ಎಂದು ಅವರಿಗೆ ಚೆನ್ನಾಗಿ ಗೊತ್ತು.

ನಿಯೋಡಿಮಿಯಂ ಮತ್ತು ಪ್ರೇಸಿಯೋಡಿಮಿಯಂ ಜೋಡಿಯನ್ನು ಅಯಸ್ಕಾಂತಕ್ಕಾಗಿ ಸಾಮಾನ್ಯವಾಗಿ ಬಿಡಿಸುವುದೂ ಇಲ್ಲ, ಜೋಡಿಯಾಗಿಯೇ ಮಾರುತ್ತಾರೆ. ಶಕ್ತಿಶಾಲಿ ಅಯಸ್ಕಾಂತದ ತೂಕದಲ್ಲಿ ಸುಮಾರು ಶೇ 30 ರೇರ್ ಅರ್ಥ್. ಕಾರಿನ ಮೋಟಾರಿಗೆ ಒಂದೆರಡು ಕಿಲೋ ಅಯಸ್ಕಾಂತ ಸಾಕು. ಸಮುದ್ರದಲ್ಲಿ ನಿಲ್ಲಿಸುವ, ಗೇರ್‌ಪೆಟ್ಟಿಗೆ ಇಲ್ಲದ ಗಾಳಿಯಂತ್ರಕ್ಕೆ ಪ್ರತಿ ಮೆಗಾವ್ಯಾಟಿಗೆ ಸುಮಾರು 600 ಕಿಲೋ ಬೇಕಾಗುತ್ತದೆ. ಮೋಟಾರ್ ಕಾದಾಗ ಅಯಸ್ಕಾಂತ ಬಲ ಕಳೆದುಕೊಳ್ಳದಿರಲು ಚೂರು ಡಿಸ್ಪ್ರೋಸಿಯಂ ಅಥವಾ ಟೆರ್ಬಿಯಂ ಸೇರಿಸಬೇಕು. ಈ ಭಾರದ ರೇರ್ ಅರ್ಥ್‌ಗಳು ಬರುವುದು ದಕ್ಷಿಣ ಚೀನಾದ ಮತ್ತು ಮ್ಯಾನ್ಮಾರ್‌ನ ಕಚಿನ್ ಪ್ರದೇಶದ ಜೇಡಿಮಣ್ಣಿನಿಂದ. 2024ರ ಅಕ್ಟೋಬರಿನಲ್ಲಿ ಕಚಿನ್‌ನ ಗಣಿ ಪ್ರದೇಶ ಬಂಡುಕೋರ ಪಡೆಯ ಕೈಸೇರಿತು. ಶುದ್ಧ ಇಂಧನದ ಸರಪಳಿಯ ಒಂದು ಕೊಂಡಿ ಅಂತರ್ಯುದ್ಧದ ನೆಲದಲ್ಲಿದೆ ಎಂಬುದನ್ನು ಹಸಿರು ಭಾಷಣ ಮಾಡುವವರು ನೆನಪಿಡಲೇಬೇಕು.

2025ರ ಏಪ್ರಿಲ್ 4ರಂದು ಚೀನಾ ಸಮೇರಿಯಂ, ಗ್ಯಾಡೊಲಿನಿಯಂ, ಟೆರ್ಬಿಯಂ, ಡಿಸ್ಪ್ರೋಸಿಯಂ, ಲುಟೇಶಿಯಂ, ಸ್ಕ್ಯಾಂಡಿಯಂ, ಇಟ್ರಿಯಂ ಎಂಬ ಏಳು ಲೋಹಗಳಿಗೂ ಅವುಗಳಿಂದಾದ ಅಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿತು. ನಿಷೇಧವಲ್ಲ, ಪರವಾನಗಿ ಅಷ್ಟೇ. ಅರ್ಜಿಗೆ 45 ಕೆಲಸದ ದಿನಗಳ ಗಡುವು. ಕೊನೆಯ ಬಳಕೆದಾರ ಯಾರು, ಯಾವ ಯಂತ್ರಕ್ಕೆ ಎಂಬ ವಿವರ ಕೊಡಬೇಕು. ಅಯಸ್ಕಾಂತವನ್ನು ಯಾರೂ ತಿಂಗಳುಗಟ್ಟಲೆ ದಾಸ್ತಾನು ಇಟ್ಟುಕೊಂಡಿರಲಿಲ್ಲ. ಎರಡೇ ತಿಂಗಳಲ್ಲಿ ಅಮೆರಿಕ, ಯುರೋಪ್, ಜಪಾನ್‌ಗಳಲ್ಲಿ ಕೆಲವು ವಾಹನ ಮತ್ತು ಬಿಡಿಭಾಗ ಘಟಕಗಳು ನಿಂತವು. ಅಕ್ಟೋಬರ್ 9ರಂದು ಇನ್ನೂ ಐದು ಲೋಹ ಸೇರಿದವು, ಪರದೇಶದಲ್ಲಿ ತಯಾರಾದ ವಸ್ತುಗಳಿಗೂ ನಿಯಮ ಚಾಚಿತು. ಅಕ್ಟೋಬರ್ 30ರಂದು ಬೂಸಾನ್‌ನಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಭೇಟಿಯಾದ ಮೇಲೆ ಅಕ್ಟೋಬರಿನ ನಿಯಮ ಒಂದು ವರ್ಷಕ್ಕೆ ತಡೆಯಾಯಿತು. ಏಪ್ರಿಲ್‌ನ ಪರವಾನಗಿ ವ್ಯವಸ್ಥೆ ಹಾಗೇ ಉಳಿಯಿತು. ಪರವಾನಗಿಯ ಜಾಣತನ ಇರುವುದೇ ಇಲ್ಲಿ: ಬೇಕಾದಾಗ ಸಡಿಲಿಸಬಹುದು, ಬೇಕಾದಾಗ ಬಿಗಿ ಮಾಡಬಹುದು, ಜೊತೆಗೆ ಅರ್ಜಿಗಳ ಮೂಲಕ ಯಾರಿಗೆ ಎಷ್ಟು ಬೇಕು ಎಂಬ ಲೆಕ್ಕವೂ ಕೈಗೆ ಸಿಗುತ್ತದೆ.

ಈ ಪಾಠವನ್ನು ಜಪಾನ್ 15 ವರ್ಷ ಮೊದಲೇ ಕಲಿತಿತ್ತು. 2010ರ ಸೆಪ್ಟೆಂಬರಿನಲ್ಲಿ, ಎರಡೂ ದೇಶಗಳು ತಮ್ಮದೆನ್ನುವ ಸೆನ್‌ಕಾಕು ದ್ವೀಪಗಳ ಬಳಿ ಚೀನೀ ಮೀನುಗಾರಿಕಾ ದೋಣಿಯೊಂದು ಜಪಾನಿನ ಕರಾವಳಿ ಕಾವಲು ಹಡಗುಗಳಿಗೆ ಡಿಕ್ಕಿ ಹೊಡೆದ ಬೆನ್ನಲ್ಲೇ ಚೀನಾದಿಂದ ರೇರ್ ಅರ್ಥ್ ಸಾಗಣೆ ನಿಂತಿತು. ಜಪಾನ್ ಮಾಡಿದ್ದು ಭಾಷಣವಲ್ಲ. ದಾಸ್ತಾನು ಮಾಡಿತು, ಹಳೆಯ ಯಂತ್ರಗಳಿಂದ ಅಯಸ್ಕಾಂತ ಬಿಚ್ಚಿ ಮರುಬಳಸಿತು. ಡಿಸ್ಪ್ರೋಸಿಯಂ ಅನ್ನು ಇಡೀ ಅಯಸ್ಕಾಂತಕ್ಕೆ ಬೆರೆಸುವ ಬದಲು ಕಣಗಳ ಅಂಚಿಗೆ ಮಾತ್ರ ಇಳಿಸುವ ವಿಧಾನವನ್ನು ಅಲ್ಲಿನ ತಯಾರಕರು ಬಳಕೆಗೆ ತಂದರು. ಕಡಿಮೆ ಲೋಹದಲ್ಲಿ ಅದೇ ತಾಳಿಕೆ ಬಂತು. 2011ರಲ್ಲಿ ಸರ್ಕಾರಿ ಸಂಸ್ಥೆ ಜೋಗ್ಮೆಕ್ ಮತ್ತು ವ್ಯಾಪಾರಿ ಸಂಸ್ಥೆ ಸೋಜಿಟ್ಸ್ ಸೇರಿ ಆಸ್ಟ್ರೇಲಿಯಾದ ಲೈನಾಸ್ ಕಂಪನಿಗೆ 25 ಕೋಟಿ ಡಾಲರ್ ಕೊಟ್ಟವು, ಬದಲಿಗೆ ದೀರ್ಘಾವಧಿಯ ಪೂರೈಕೆ ಖಾತ್ರಿ ಪಡೆದವು.

ಮುಂದೆ ಬೆಲೆ ಕುಸಿಯಿತು. ಲೈನಾಸ್ ಮುಳುಗುವ ಹಂತಕ್ಕೆ ಬಂದಾಗ ಜಪಾನ್ ಬಡ್ಡಿ ಇಳಿಸಿತು, ಮರುಪಾವತಿಯ ಅವಧಿ ಮುಂದೂಡಿತು. ಅದೇ ಕಾಲದಲ್ಲಿ ಅಮೆರಿಕದ ರೇರ್ ಅರ್ಥ್ ಕಂಪನಿ ಮಾಲಿಕಾರ್ಪ್ ಅನ್ನು ಹಿಡಿದೆತ್ತುವವರು ಯಾರೂ ಇರಲಿಲ್ಲ, 2015ರ ಜೂನ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಎರಡೂ ಕಂಪನಿಗಳ ಕೈಯಲ್ಲಿ ಒಳ್ಳೆಯ ಗಣಿ ಇತ್ತು. ಒಂದಕ್ಕೆ ಬೆಲೆ ಬಿದ್ದಾಗಲೂ ಬಾಗಿಲು ಮುಚ್ಚದೆ ಸಾಲ ಕೊಡುವವ ಸಿಕ್ಕಿದ. ನನ್ನ ದೃಷ್ಟಿಯಲ್ಲಿ ಖನಿಜ ರಾಜತಾಂತ್ರಿಕತೆಯ ಅತ್ಯುತ್ತಮ ಕೆಲಸ ಆ ಬಡ್ಡಿ ಇಳಿಕೆಯೇ, ಸಹಿ ಸಮಾರಂಭವಲ್ಲ. 2025ರ ಮೇ ತಿಂಗಳಲ್ಲಿ ಲೈನಾಸ್ ತನ್ನ ಮಲೇಷ್ಯಾ ಘಟಕದಲ್ಲಿ ಡಿಸ್ಪ್ರೋಸಿಯಂ ಆಕ್ಸೈಡ್ ತೆಗೆಯಿತು. ಇಷ್ಟೆಲ್ಲ ಮಾಡಿಯೂ ಜಪಾನಿನ ಅವಲಂಬನೆ ಸುಮಾರು ಶೇ 90ರಿಂದ ಶೇ 60ರ ಆಸುಪಾಸಿಗೆ ಇಳಿದಿದೆ, ಅಷ್ಟೇ.

ಬೆಲೆಯ ಮಾತು ಬಂತು. ರಫ್ತು ನಿಷೇಧಕ್ಕಿಂತ ಹೆಚ್ಚು ಗಣಿಗಳನ್ನು ಮುಚ್ಚಿಸಿದ್ದು ಅಗ್ಗದ ಬೆಲೆ. ಚೀನಾದ ಮಾರುಕಟ್ಟೆಯಲ್ಲಿ ಲಿಥಿಯಂ ಕಾರ್ಬೊನೇಟ್ 2022ರ ನವೆಂಬರಿನಲ್ಲಿ ಟನ್ನಿಗೆ 6 ಲಕ್ಷ ಯುವಾನ್‌ನ ಹತ್ತಿರವಿತ್ತು. 2025ರ ಮಧ್ಯದ ಹೊತ್ತಿಗೆ 60 ಸಾವಿರದ ಆಸುಪಾಸಿಗೆ ಬಂದಿತ್ತು. ಹತ್ತರಲ್ಲಿ ಒಂದು ಪಾಲು. ಈ ಏರಿಳಿತದ ನಡುವೆ ಯಾವ ಬ್ಯಾಂಕ್ ತಾನೇ ಹೊಸ ಶುದ್ಧೀಕರಣ ಘಟಕಕ್ಕೆ ಸಾಲ ಕೊಟ್ಟೀತು? ಅದಕ್ಕೇ 2025ರ ಜುಲೈನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಅಲ್ಲಿನ ರೇರ್ ಅರ್ಥ್ ಕಂಪನಿ ಎಂಪಿ ಮೆಟೀರಿಯಲ್ಸ್ ಜೊತೆ ಮಾಡಿಕೊಂಡ ಒಪ್ಪಂದ ಗಮನಿಸುವಂಥದ್ದು. ನಿಯೋಡಿಮಿಯಂ-ಪ್ರೇಸಿಯೋಡಿಮಿಯಂಗೆ ಕಿಲೋಗೆ 110 ಡಾಲರ್ ಕನಿಷ್ಠ ಬೆಲೆ, ಹತ್ತು ವರ್ಷಕ್ಕೆ. ಮಾರುಕಟ್ಟೆ ದರ ಅದಕ್ಕಿಂತ ಕೆಳಗಿದ್ದರೆ ವ್ಯತ್ಯಾಸವನ್ನು ಸರ್ಕಾರ ತುಂಬಿಕೊಡುತ್ತದೆ. ಒಪ್ಪಂದದ ಹೊತ್ತಿಗೆ ಮಾರುಕಟ್ಟೆಯಲ್ಲಿ ದರ ಅದರ ಅರ್ಧದಷ್ಟಿತ್ತು. ಜೊತೆಗೆ ಹೊಸ ಅಯಸ್ಕಾಂತ ಘಟಕದ ಉತ್ಪನ್ನವೆಲ್ಲ ಹತ್ತು ವರ್ಷ ಮಾರಾಟವಾಗುವ ಖಾತ್ರಿಯೂ ಇದೆ. ಕನಿಷ್ಠ ಬೆಲೆ ಮತ್ತು ಖರೀದಿ ಖಾತ್ರಿ ಎರಡೂ ಕೂಡಿದ್ದರಿಂದ ಇದಕ್ಕೆ ಗಟ್ಟಿತನ ಬಂದಿದೆ. ಬರೀ ಕನಿಷ್ಠ ಬೆಲೆ ಕೊಟ್ಟು ಖರೀದಿದಾರರನ್ನು ಅವರ ಪಾಡಿಗೆ ಬಿಟ್ಟರೆ ಅವರು ಅಗ್ಗದ ಕಡೆಗೇ ಹೋಗುತ್ತಾರೆ, ಗೋದಾಮು ತುಂಬುತ್ತದೆ.

ಅದಿರು ಇರುವ ದೇಶಗಳ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಕಚ್ಚಾ ಅದಿರು ಕಳಿಸಿ ಕೈತೊಳೆದುಕೊಳ್ಳಲು ಅವಕ್ಕೆ ಮನಸ್ಸಿಲ್ಲ, ಅದು ನ್ಯಾಯವೇ. ಇಂಡೊನೇಷ್ಯಾ 2014ರಲ್ಲಿ ನಿಕ್ಕೆಲ್ ಅದಿರಿನ ರಫ್ತು ನಿಲ್ಲಿಸಿತು, 2017ರಲ್ಲಿ ಸಡಿಲಿಸಿತು, 2020ರ ಜನವರಿಯಿಂದ ಮತ್ತೆ ಪೂರ್ತಿ ನಿಲ್ಲಿಸಿತು. ಯುರೋಪಿಯನ್ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿ 2022ರ ನವೆಂಬರಿನಲ್ಲಿ ಗೆದ್ದಿತು. ಇಂಡೊನೇಷ್ಯಾ ಮೇಲ್ಮನವಿ ಹಾಕಿತು. ಆದರೆ ಮೇಲ್ಮನವಿ ಮಂಡಳಿಗೆ ಸದಸ್ಯರ ನೇಮಕವಿಲ್ಲದೆ ಅದು 2019ರ ಡಿಸೆಂಬರಿನಿಂದಲೇ ನಿಂತಿತ್ತು. ತೀರ್ಪು ಕಾಗದದಲ್ಲಿ ಉಳಿಯಿತು, ಕಾರ್ಖಾನೆಗಳು ಮೊರೊವಾಲಿಯಲ್ಲಿ ಎದ್ದವು.

ಎದ್ದ ಕಾರ್ಖಾನೆಗಳೊಳಗೆ ನಡೆಯುವುದನ್ನೂ ನೋಡಬೇಕು. ಅಲ್ಲಿನ ಅದಿರಿನಲ್ಲಿ ನಿಕ್ಕೆಲ್ ಶೇ 1ರ ಆಸುಪಾಸು. ಅದನ್ನು ಬ್ಯಾಟರಿ ದರ್ಜೆಗೆ ತರಲು ಟೈಟಾನಿಯಂ ಒಳಪದರದ ದೊಡ್ಡ ಒತ್ತಡದ ಪಾತ್ರೆಯಲ್ಲಿ (ಆಟೋಕ್ಲೇವ್), ಸುಮಾರು 250 ಡಿಗ್ರಿ ಶಾಖದಲ್ಲಿ, ವಾತಾವರಣದ ನಲವತ್ತು ಪಟ್ಟು ಒತ್ತಡದಲ್ಲಿ ಗಂಧಕಾಮ್ಲದೊಂದಿಗೆ ಬೇಯಿಸಬೇಕು. ಕವಾಟಗಳು ಸವೆಯುತ್ತವೆ, ಪೈಪಿನೊಳಗೆ ಗಟ್ಟಿ ಪದರ ಕಟ್ಟುತ್ತದೆ, ಆಗಾಗ ನಿಲ್ಲಿಸಿ ಕೆರೆಯಬೇಕು. ಒಂದು ಟನ್ ನಿಕ್ಕೆಲ್‌ಗೆ ನೂರು ಟನ್ನಿಗೂ ಹೆಚ್ಚು ಕೆಸರು ಉಳಿಯುತ್ತದೆ. ಮಳೆ, ಭೂಕಂಪ ಎರಡೂ ಇರುವ ದ್ವೀಪಗಳಲ್ಲಿ ಆ ಕೆಸರನ್ನು ನಿಲ್ಲಿಸುವುದೇ ದೊಡ್ಡ ಸವಾಲು. ವಿದ್ಯುತ್ ಹೆಚ್ಚಾಗಿ ಕಲ್ಲಿದ್ದಲಿನದು, ಬಂಡವಾಳ ಹೆಚ್ಚಾಗಿ ಚೀನಾದ್ದು. ಇಂಡೊನೇಷ್ಯಾ ಉದ್ಯೋಗ, ರಫ್ತು ಆದಾಯ ಎರಡನ್ನೂ ಗಳಿಸಿತು. ಅಲ್ಲಿಂದ ಹರಿದ ಅಗ್ಗದ ನಿಕ್ಕೆಲ್ ಎದುರು ನಿಲ್ಲಲಾರದೆ 2024ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ನಿಕ್ಕೆಲ್ ವೆಸ್ಟ್ ಕಂಪನಿ ತಾತ್ಕಾಲಿಕವಾಗಿ ಕೆಲಸ ನಿಲ್ಲಿಸಿತು.

ಕಾಂಗೋ ಹಿಡಿದ ದಾರಿ ಇನ್ನೊಂದು. ಬೆಲೆ ಪಾತಾಳಕ್ಕಿಳಿದಿದ್ದಾಗ, 2025ರ ಫೆಬ್ರವರಿ 22ರಂದು ಕೋಬಾಲ್ಟ್ ರಫ್ತು ನಿಲ್ಲಿಸಿತು. ಅಕ್ಟೋಬರಿನಿಂದ ಕೋಟಾ ತಂದಿತು: ಆ ವರ್ಷದ ಉಳಿದ ಅವಧಿಗೆ 18,125 ಟನ್, 2026 ಮತ್ತು 2027ಕ್ಕೆ ವರ್ಷಕ್ಕೆ 96,600 ಟನ್. ಬೆಲೆ ದುಪ್ಪಟ್ಟಾಯಿತು. ಆದರೆ ಅಲ್ಲಿ ಕೋಬಾಲ್ಟ್ ತಾಮ್ರದ ಜೊತೆ ಬರುವ ಉಪಉತ್ಪನ್ನ. ತಾಮ್ರ ಅಗೆಯುವುದನ್ನು ಯಾರೂ ನಿಲ್ಲಿಸುವುದಿಲ್ಲ, ಕೋಬಾಲ್ಟ್ ಹೈಡ್ರಾಕ್ಸೈಡ್ ಚೀಲಗಳು ಗೋದಾಮಿನಲ್ಲಿ ಪೇರುತ್ತಲೇ ಹೋಗುತ್ತವೆ. ಇನ್ನೂ ದೊಡ್ಡ ಅಪಾಯ ರಸಾಯನದ್ದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಕೋಬಾಲ್ಟೂ ಬೇಡ, ನಿಕ್ಕೆಲ್ಲೂ ಬೇಡ, ಮತ್ತು 2024ರ ಹೊತ್ತಿಗೆ ವಿದ್ಯುತ್ ವಾಹನಗಳ ಬ್ಯಾಟರಿಯಲ್ಲಿ ಅದರ ಪಾಲು ಅರ್ಧದ ಹತ್ತಿರ ಬಂದಿತ್ತು. ಹೆಚ್ಚು ಹಿಂಡಿದರೆ ಖರೀದಿದಾರ ರಸಾಯನವನ್ನೇ ಬದಲಿಸುತ್ತಾನೆ. ಡಿಸ್ಪ್ರೋಸಿಯಂನಲ್ಲಿ ಇಷ್ಟು ಸುಲಭದ ಪರ್ಯಾಯವಿಲ್ಲ. ಒತ್ತಡ ಹಾಕುವ ಮುನ್ನ ಯಾವ ಲೋಹ ಎಷ್ಟು ಹಿಂಡುವಿಕೆ ತಾಳುತ್ತದೆ ಎಂದು ಲೆಕ್ಕ ಹಾಕಬೇಕು.

ಉಪಉತ್ಪನ್ನದ ಮಾತನ್ನು ಗ್ಯಾಲಿಯಂ, ಜರ್ಮೇನಿಯಂಗಳಿಗೂ ಅನ್ವಯಿಸಿ ನೋಡಿ. ಗ್ಯಾಲಿಯಂ ಬರುವುದು ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುವಾಗ, ಜರ್ಮೇನಿಯಂ ಬಹುಪಾಲು ಸತುವಿನ ಜೊತೆ. ಬೆಲೆ ಹತ್ತು ಪಟ್ಟಾದರೂ ಗ್ಯಾಲಿಯಂಗಾಗಿ ಯಾರೂ ಹೊಸ ಗಣಿ ತೋಡುವುದಿಲ್ಲ. 2023ರ ಆಗಸ್ಟ್‌ನಲ್ಲಿ ಚೀನಾ ಈ ಎರಡಕ್ಕೆ ಪರವಾನಗಿ ತಂದಾಗ ಸರಿಯಾದ ಪ್ರತಿಕ್ರಿಯೆ ಹೊಸ ಗಣಿಯ ಹುಡುಕಾಟವಾಗಿರಲಿಲ್ಲ. ಈಗಾಗಲೇ ನಡೆಯುತ್ತಿರುವ ಅಲ್ಯೂಮಿನಾ, ಸತು ಘಟಕಗಳಿಗೆ ಹಿಡಿದು ತೆಗೆಯುವ ಉಪಕರಣ ಜೋಡಿಸುವುದಾಗಿತ್ತು.

ಹಾಗಾದರೆ ಒಪ್ಪಂದದ ಕರಡು ಕೈಗೆ ಬಂದರೆ ಏನು ಓದಬೇಕು? ಮೊದಲು ಮಾಲಿನ ರೂಪ ಮತ್ತು ಶುದ್ಧತೆ. ‘ಲಿಥಿಯಂ ಪೂರೈಕೆ’ ಎಂದಷ್ಟೇ ಬರೆದಿದ್ದರೆ ಅದು ಶೇ 6ರ ಕಾನ್ಸಂಟ್ರೇಟೋ ಶೇ 99.5ರ ಕಾರ್ಬೊನೇಟೋ ತಿಳಿಯದು. ಸುಂಕದ ಕೋಡ್ ನೋಡಿದರೂ ಪೂರ್ತಿ ಸಾಲದು. ಸ್ಪೋಡುಮೀನ್ ಸಾಮಾನ್ಯವಾಗಿ 2530.90 ಎಂಬ ‘ಇತರ ಖನಿಜ’ಗಳ ಗುಂಪಿನಲ್ಲಿ ಅಡಗಿರುತ್ತದೆ. 8505.11ರಲ್ಲಿ ಎಲ್ಲ ಬಗೆಯ ಲೋಹದ ಶಾಶ್ವತ ಅಯಸ್ಕಾಂತಗಳೂ ಒಟ್ಟಿಗೇ ಬರುತ್ತವೆ. ವ್ಯಾಪಾರದ ಅಂಕಿಅಂಶ ನೋಡಿ ಅವಲಂಬನೆ ಲೆಕ್ಕ ಹಾಕುವವರು ಎಡವುವುದು ಇಂಥಲ್ಲಿ.

ಆಮೇಲೆ ಖರೀದಿಯ ಷರತ್ತು. ಮಾಲು ಎತ್ತದಿದ್ದರೂ ಹಣ ಕೊಡಲೇಬೇಕು ಎಂಬ ಕಟ್ಟುಪಾಡು ಇದೆಯೇ, ಬೆಲೆಯನ್ನು ಯಾವ ಸೂಚ್ಯಂಕಕ್ಕೆ ಜೋಡಿಸಿದ್ದಾರೆ, ಆ ಸೂಚ್ಯಂಕವೇ ಚೀನಾದ ಮಾರುಕಟ್ಟೆಯದ್ದೇ? ಹೌದಾದರೆ ಅವಲಂಬನೆ ತಪ್ಪಿಸಲು ಮಾಡಿದ ಒಪ್ಪಂದದ ಬೆಲೆಯನ್ನೂ ಅವರೇ ನಿರ್ಧರಿಸಿದಂತಾಯಿತು. ಅತಿಥೇಯ ಸರ್ಕಾರವೇ ರಫ್ತು ನಿಲ್ಲಿಸಿದರೆ ಅದು ‘ಅನಿವಾರ್ಯ ಘಟನೆ’ಯ ಪಟ್ಟಿಗೆ ಸೇರುತ್ತದೆಯೇ ಎಂಬುದನ್ನು ತಪ್ಪದೆ ನೋಡಬೇಕು. ಸೇರಿದ್ದರೆ, ಅತಿ ಬೇಕಾದ ದಿನವೇ ಪೂರೈಕೆಯ ಖಾತ್ರಿ ಮಾಯವಾಗುತ್ತದೆ.

ಸಾಗಣೆಯನ್ನು ಎರಡೂ ದಿಕ್ಕಿನಲ್ಲಿ ಓದಬೇಕು. ಅಂಗೋಲಾದ ಲೊಬಿಟೊ ಬಂದರಿನಿಂದ ಕಾಂಗೋ ಗಡಿಯವರೆಗಿನ ಸುಮಾರು 1,300 ಕಿಲೋಮೀಟರ್ ರೈಲುಮಾರ್ಗಕ್ಕೆ ಅಮೆರಿಕ, ಯುರೋಪ್ ಬೆಂಬಲ ಕೊಡುತ್ತಿವೆ. 1970ರ ದಶಕದಲ್ಲಿ ಚೀನಾ ನೆರವಿನಿಂದ ಕಟ್ಟಿದ 1,860 ಕಿಲೋಮೀಟರಿನ ತಝಾರಾ ರೈಲುಮಾರ್ಗ ಜಾಂಬಿಯಾದಿಂದ ಪೂರ್ವಕ್ಕೆ, ಟಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿಗೆ ಹೋಗುತ್ತದೆ. ಲೊಬಿಟೊ ರೈಲು ಬಂದರಿಗೆ ತಾಮ್ರ ತರುತ್ತದೆ, ವಾಪಸಾಗುವಾಗ ಗಂಧಕ ಹೊರುತ್ತದೆ. ಗಂಧಕವಿಲ್ಲದೆ ಆಮ್ಲವಿಲ್ಲ, ಆಮ್ಲವಿಲ್ಲದೆ ಕಾಂಗೋದ ಆ ಅದಿರಿನಿಂದ ಕೋಬಾಲ್ಟೂ ಇಲ್ಲ.

ಕಸದ ಷರತ್ತನ್ನು ಕೊನೆಗೆ ತಳ್ಳುವ ಅಭ್ಯಾಸ ಬಿಡಬೇಕು. ರೇರ್ ಅರ್ಥ್ ಅದಿರಿನಲ್ಲಿ ಥೋರಿಯಂ ಜೊತೆಗಿರುತ್ತದೆ. ಮಲೇಷ್ಯಾದ ಬುಕಿತ್ ಮೇರಾದಲ್ಲಿ 1980ರ ದಶಕದಲ್ಲಿ ವಿಕಿರಣ ಕಸದ ವಿರುದ್ಧ ಜನ ಬೀದಿಗಿಳಿದರು, ಮುಂದೆ ಅಲ್ಲಿನ ರೇರ್ ಅರ್ಥ್ ಘಟಕ ಮುಚ್ಚಿತು. ಆ ನೆನಪು ಅಲ್ಲಿ ಆರಿಲ್ಲ. ಮಲೇಷ್ಯಾದ ಪರವಾನಗಿ ಷರತ್ತಿನಿಂದಾಗಿಯೇ ಲೈನಾಸ್, ಅದಿರನ್ನು ಒಡೆದು ಥೋರಿಯಂ ಬೇರ್ಪಡಿಸುವ ಹಂತಕ್ಕೆ ಆಸ್ಟ್ರೇಲಿಯಾದ ಕಲ್ಗೂರ್ಲಿಯಲ್ಲಿ ಪ್ರತ್ಯೇಕ ಘಟಕ ಕಟ್ಟಿತು. ಕಸ ಯಾರ ಊರಲ್ಲಿ ಉಳಿಯುತ್ತದೆ ಎಂಬುದಕ್ಕೆ ಉತ್ತರವಿಲ್ಲದ ಒಪ್ಪಂದ ಆ ಊರಿನವರಿಗೆ ಮಾಡುವ ಅನ್ಯಾಯ, ಹೂಡಿದವರಿಗೂ ನಷ್ಟ.

ಯುರೋಪಿಯನ್ ಒಕ್ಕೂಟ 2024ರ ಮೇ ತಿಂಗಳಲ್ಲಿ ಜಾರಿಗೆ ತಂದ ನಿರ್ಣಾಯಕ ಕಚ್ಚಾವಸ್ತುಗಳ ಕಾಯ್ದೆ ಇವೆಲ್ಲವನ್ನೂ ಅಂಕಿಗಳಲ್ಲಿ ಹಿಡಿಯಲು ನೋಡಿದೆ. 2030ರೊಳಗೆ ವಾರ್ಷಿಕ ಬಳಕೆಯ ಶೇ 10 ಗಣಿಗಾರಿಕೆ, ಶೇ 40 ಸಂಸ್ಕರಣೆ, ಶೇ 25 ಮರುಬಳಕೆ ಒಕ್ಕೂಟದೊಳಗೇ ಆಗಬೇಕು, ಯಾವುದೇ ಹಂತದಲ್ಲಿ ಒಂದೇ ಹೊರದೇಶದಿಂದ ಶೇ 65ಕ್ಕಿಂತ ಹೆಚ್ಚು ತರಬಾರದು. ‘ಯಾವುದೇ ಹಂತದಲ್ಲಿ’ ಎಂಬ ಮಾತು ಅಲ್ಲಿ ಸೇರಿರುವುದು ಒಳ್ಳೆಯದಾಯಿತು. ಇಲ್ಲದಿದ್ದರೆ ಐದು ದೇಶಗಳಿಂದ ಅದಿರು ಕೊಂಡು, ಐದನ್ನೂ ಒಂದೇ ದೇಶದಲ್ಲಿ ಶುದ್ಧ ಮಾಡಿಸಿ, ಅವಲಂಬನೆ ತಗ್ಗಿತು ಎಂದು ಹೇಳಿಕೊಳ್ಳಬಹುದಿತ್ತು.

ಹಳೆಯ ಬ್ಯಾಟರಿಯಲ್ಲೂ ಇದೇ ಪ್ರಶ್ನೆ ತಿರುಗಿ ಬರುತ್ತದೆ. ಬ್ಯಾಟರಿಯನ್ನು ಚೂರು ಮಾಡಿ ಜರಡಿ ಹಿಡಿದರೆ ಲಿಥಿಯಂ, ನಿಕ್ಕೆಲ್, ಕೋಬಾಲ್ಟ್, ಗ್ರಾಫೈಟ್ ಬೆರೆತ ಕಪ್ಪು ಪುಡಿ ಸಿಗುತ್ತದೆ. ಚೂರು ಮಾಡುವುದು ಸುಲಭ, ಪುಡಿಯಿಂದ ಲೋಹ ಬಿಡಿಸುವ ಆಮ್ಲದ ಕೆಲಸವೇ ಕಷ್ಟ. ಒಕ್ಕೂಟದ ಬ್ಯಾಟರಿ ನಿಯಮದ ಪ್ರಕಾರ 2031ರ ಕೊನೆಗೆ ನಿಕ್ಕೆಲ್, ಕೋಬಾಲ್ಟ್‌ನ ಶೇ 95, ಲಿಥಿಯಂನ ಶೇ 80 ವಾಪಸ್ ತೆಗೆಯಬೇಕು. ಕಪ್ಪು ಪುಡಿಯನ್ನು ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಲು ಒಕ್ಕೂಟ 2025ರಲ್ಲಿ ತೀರ್ಮಾನಿಸಿತು; ಆ ನಿಯಮ ಅನ್ವಯವಾದ ಮೇಲೆ ಅದು ಒಇಸಿಡಿ ಎಂಬ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟದಾಚೆ ಹೋಗುವಂತಿಲ್ಲ. ಪುಡಿ ಒಳಗೇ ಉಳಿಯುತ್ತದೆ. ಅದನ್ನು ಬಿಡಿಸುವ ಟ್ಯಾಂಕುಗಳನ್ನೂ ಅವುಗಳ ಪಕ್ಕ ನಿಲ್ಲುವ ಕೆಲಸಗಾರರನ್ನೂ ಈಗಿನಿಂದಲೇ ಸಿದ್ಧಮಾಡಿಕೊಳ್ಳಬೇಕಾಗಿದೆ.